ಪಕ್ಕೆಲುಬು ಕಾಣಬೇಕು

ಸೈನ್ಯದ ನಾಯಿ ದಳದಿಂದ ಹೊರಬರುವ ಹುಡುಗರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಅಣ್ಣಾ, ನಾನೂ ಒಂದು ಕೆನೆಲ್ ಹಾಕಲೇನು?" ಎಂಬುದು ಎಲ್ಲರ ಪ್ರಶ್ನೆ. ನಾಯಿಗಳ ಜೊತೆ ಅಷ್ಟು ವರ್ಷ ಕಳೆದಿದ್ದೇವೆ, ಲೈಸೆನ್ಸ್ ತೆಗೆದುಕೊಂಡು ಮರಿ ಮಾಡಿಸಿ ಮಾರಿದರೆ ಆಯಿತು ಎಂಬುದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು. ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ದಿನಚರಿ ಬರೆಯುವ ಚಟ ಇರುವುದರಿಂದ ನೆನಪಿಗೆ ತೊಂದರೆಯಿಲ್ಲ.

ನಿವೃತ್ತ ಎಂದರೆ ಜನ ಬಿಳಿಕೂದಲು ಹುಡುಕುತ್ತಾರೆ. ನಾನು ನಿವೃತ್ತನಾದಾಗ ನನಗೆ ಮೂವತ್ತೆಂಟು. ಸೈನ್ಯದಲ್ಲಿ ಇದು ಮಾಮೂಲು, ಹೊರಗಿನವರಿಗೆ ಅಲ್ಲ. ಬ್ಯಾಂಕಿನಲ್ಲಿ ಪಿಂಚಣಿ ಸಾಲಿನಲ್ಲಿ ನಿಂತರೆ ಹಿಂದಿನ ಹಿರಿಯರು ಭುಜ ತಟ್ಟಿ, "ತಂದೆಯವರು ಆರಾಮಾಗಿದ್ದಾರಾ?" ಎಂದು ಕೇಳುತ್ತಾರೆ. ತೋಳಿಗೆ ಯಾವಾಗ ಯಾವ ಪಟ್ಟಿ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಯಿಗಳು ಅದನ್ನು ಎಂದೂ ಗಮನಿಸಲಿಲ್ಲ.

ನನ್ನ ಊರು ಮುಧೋಳದ ಹತ್ತಿರ. ಹೆಂಡತಿ ಸುನಂದಾಳ ತವರು ಹೈದರಾಬಾದು. ಅವಳ ತಂದೆ ನಮ್ಮ ಕಡೆಯವರೇ, ಇಲ್ಲಿಯ ಸರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ನಮ್ಮ ಬಾಗಲಕೋಟೆ ಮಾತು, ಗೇಟು ದಾಟಿದರೆ ಅವಳದು ತೆಲುಗು, ನನ್ನದು ಸೈನ್ಯದ ಹಿಂದಿ. ಕೊನೆಯ ಪೋಸ್ಟಿಂಗ್ ಸಿಕಂದರಾಬಾದಿನಲ್ಲಿ ಆಗಿದ್ದರಿಂದ ಇಲ್ಲೇ ಉಳಿದೆವು.

ಕೆಲಸ ಕಲಿಸಿದವರ ವಿಷಯ ಮೊದಲು. ನಾಯಿ ತರಬೇತಿ ಕೊಡುವ ಹವಾಲ್ದಾರರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ನಮ್ಮ ಉಸ್ತಾದರು ಹರಿಯಾಣದವರು, ಮಾತು ಕಮ್ಮಿ. ಹೊಸ ಹುಡುಗ ಬಂದರೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಸಾಲಾಗಿ ನಿಲ್ಲಿಸಿದ ನಾಯಿಗಳ ಪಕ್ಕೆ ಸವರಲು ಹೇಳುತ್ತಿದ್ದರು. ಯಾವುದು ತೆಳ್ಳಗಿದೆ, ಯಾವುದು ಕೊಬ್ಬಿದೆ, ಯಾವುದು ಸರಿಯಾಗಿದೆ ಎಂದು ಅಂಗೈಯಿಂದ ಹೇಳಬೇಕು. ಮೊದಲ ದಿನ ನಾನು ಒಂದನ್ನು ಸವರಿ, "ಇದು ಕೊಬ್ಬಿದೆ, ಕೂದಲು ಸ್ವಲ್ಪ ಒರಟು" ಎಂದೆ. ಬಟ್ಟೆ ಬಿಚ್ಚಿ ನೋಡಿದರೆ ಉಣ್ಣೆ ಸ್ವೆಟರ್ ಹಾಕಿದ್ದ ಅಡುಗೆಯವನ ತೋಳು. ಉಸ್ತಾದರು ನಗಲಿಲ್ಲ. "ಅಡುಗೆಯವನಿಗೆ ನಾಳೆಯಿಂದ ಒಂದು ರೋಟಿ ಕಮ್ಮಿ" ಎಂದು ಬರೆಸಿದರು.

ತೂಕ ಅವರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ. ವಾರಕ್ಕೊಮ್ಮೆ ಪ್ರತಿ ನಾಯಿಯದೂ ತೂಕ ಆಗಬೇಕು. ನಾಯಿ ತೂಕದ ಕಾಟಾದ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ಅದಕ್ಕೆ ನಾವೇ ಎತ್ತಿಕೊಂಡು ಹತ್ತಿ, ಒಟ್ಟು ತೂಕದಲ್ಲಿ ನಮ್ಮ ತೂಕ ಕಳೆಯುವುದು. ಸೈನ್ಯದಲ್ಲಿ ನಮ್ಮ ತೂಕವನ್ನೂ ಪ್ರತಿ ತಿಂಗಳು ಬೇರೆಯೇ ತೆಗೆಯುತ್ತಿದ್ದರು. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಿವೃತ್ತಿಯ ಹಣದಲ್ಲಿ ನಾಚಾರಂ ಕೈಗಾರಿಕಾ ಪ್ರದೇಶದ ಅಂಚಿಗೆ, ಹಿಂದೆ ಫ್ಯಾನಿನ ಬೋಲ್ಟು ತಯಾರಿಸುತ್ತಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ಅಂಗಳ ದೊಡ್ಡದು, ಹಿಂದೆ ಎರಡು ಕೋಣೆಯ ಮನೆ. ನೆಲ ಎಷ್ಟು ತೊಳೆದರೂ ಎಣ್ಣೆ ಜಿನುಗುತ್ತಿತ್ತು. ಮೊದಲ ಮಳೆಗಾಲ ಮುಗಿಯುವವರೆಗೆ ನಾಯಿಗಳ ಪಾದಗಳೆಲ್ಲ ಮೆಕ್ಯಾನಿಕ್ಕಿನ ಕೈಯಂತಿದ್ದವು. ಊರಿನಿಂದ ಎರಡು ಹೆಣ್ಣು, ಒಂದು ಗಂಡು ಮುಧೋಳ ನಾಯಿ ತಂದೆ. ಗಂಗಿ, ತುಂಗಿ, ಸರ್ದಾರ. ಗೂಡುಗಳ ಅಳತೆ, ನೀರಿನ ತೊಟ್ಟಿ, ಲಸಿಕೆ ಎಲ್ಲ ನೋಡಿ ಲೈಸೆನ್ಸ್ ಕೊಟ್ಟರು. ಹುಡುಗರೇ, ಲೈಸೆನ್ಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮರಿಗೆ ಎಂಟು ವಾರ ತುಂಬುವ ಮೊದಲು ಮಾರಬೇಡಿ, ತಾಯಿಗೆ ಬೆನ್ನುಬೆನ್ನಿಗೆ ಮರಿ ಮಾಡಿಸಬೇಡಿ. ನಿಯಮ ಇರುವುದಕ್ಕೆ ಅಲ್ಲದಿದ್ದರೂ, ನಾಯಿ ನಿಮ್ಮ ಮುಖ ನೋಡುತ್ತದಲ್ಲ, ಅದಕ್ಕಾದರೂ.

ಮುಧೋಳ ನಾಯಿ ಕಂಡಿಲ್ಲದವರಿಗೆ ಒಂದು ಮಾತು. ಅದು ಬೇಟೆಗೆ ಓಡುವ ನಾಯಿ. ಉದ್ದ ಕಾಲು, ಆಳದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ. ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಾಣಬೇಕು, ಸೊಂಟದ ಎಲುಬು ಗುರುತಿಗೆ ಸಿಗಬೇಕು. ಆಗ ಮಾತ್ರ ಅದು ಆರೋಗ್ಯವಾಗಿದೆ ಎಂದು ಅರ್ಥ. ಇದನ್ನು ಹೈದರಾಬಾದಿನ ಜನರಿಗೆ ತಿಳಿಸಿ ಹೇಳುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಬರುವವರಿಗೆಲ್ಲ ಹಿಮದ ನಾಡಿನ ಹಸ್ಕಿ ನಾಯಿ ಬೇಕು. ಮೇ ತಿಂಗಳಲ್ಲಿ ಒಬ್ಬರು ಬಂದು, "ಅದಕ್ಕೆ ಬೇರೆ ಎಸಿ ಹಾಕಿಸ್ತೇನೆ" ಎಂದರು. ನನ್ನ ನಾಯಿಗಳನ್ನು ನೋಡಿ, "ಇವಕ್ಕೆ ಏನಾಗಿದೆ?" ಎಂದರು. "ಏನೂ ಆಗಿಲ್ಲ, ಹೀಗೇ ಇರೋದು" ಎಂದರೆ, ನಂಬದ ಮುಖ ಮಾಡಿ, ಹೋಗುವಾಗ ಗೇಟಿನ ಹತ್ತಿರ ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋದರು.

ಮೊದಲ ಮರಿಗಳಲ್ಲಿ ಒಂದು ತಾರ್ನಾಕದ ಒಂದು ತೆಲುಗು ಕುಟುಂಬಕ್ಕೆ ಹೋಯಿತು. ಹದಿನೈದು ದಿನಕ್ಕೆ ಫೋನು: "ನಿಮ್ಮ ಮರಿಗೆ ಕಿವಿ ಕೇಳಲ್ಲ." ಗಾಬರಿಯಾಗಿ ಹೋದೆ. ಮರಿ ಸೋಫಾದ ಕೆಳಗೆ ಮಲಗಿತ್ತು. ಮನೆಮಂದಿಯೆಲ್ಲ "ರಾ, ರಾ" ಎಂದು ಕರೆದರೂ ಕಿವಿ ಅಲ್ಲಾಡಿಸಲಿಲ್ಲ. ನಾನು ಬಾಗಿಲಲ್ಲೇ ನಿಂತು, "ಬಾರ್ಲೇ ಇಲ್ಲಿ" ಎಂದೆ. ಬಾಣದಂತೆ ಬಂತು. ಸುನಂದಾ ಬೆಳಗಿನಿಂದ ಸಂಜೆವರೆಗೆ ಬೈದು ಮುದ್ದುಮಾಡಿ ಬೆಳೆಸಿದ ಮರಿ, ಅದಕ್ಕೆ ಗೊತ್ತಿದ್ದದ್ದು ಅದೊಂದೇ ಭಾಷೆ. ಆ ಮನೆಯ ಅಜ್ಜ ಬಾರ್ಲೇ, ಕುಂದರು, ಸುಮ್ಕಿರು ಎಂಬ ಮೂರು ಮಾತನ್ನು ತೆಲುಗಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡರು. ಈಗಲೂ ಫೋನ್ ಮಾಡಿದರೆ ನನಗೇ "ಸುಮ್ಕಿರು" ಎನ್ನುತ್ತಾರೆ, ಅಭ್ಯಾಸಬಲ.

ಪದ್ಧತಿ ಬದಲಾದದ್ದಕ್ಕೂ ಒಂದು ಉದಾಹರಣೆ ಹೇಳುತ್ತೇನೆ. ಮೊದಲೆಲ್ಲ ಬಸುರಿಯೋ ಅಲ್ಲವೋ ಎಂದು ಹೊಟ್ಟೆ ಮುಟ್ಟಿ ಹೇಳುತ್ತಿದ್ದೆವು. ತುಂಗಿಯ ಹೊಟ್ಟೆ ಮುಟ್ಟಿ ನಾನೂ ಹೇಳಿದೆ. ಅವಳಿಗೆ ಮೊಲೆ ತುಂಬಿ ಹಾಲು ಬಂತು, ಮೂಲೆಯಲ್ಲಿ ಗೋಣಿ ಕೆರೆದು ಹಾಸಿಗೆ ಮಾಡಿಕೊಂಡಳು. ಐದು ಮನೆಯವರಿಗೆ ಮರಿ ಕೊಡುತ್ತೇನೆಂದು ಮಾತು ಕೊಟ್ಟೆ. ದಿನ ತುಂಬಿದ ಬೆಳಿಗ್ಗೆ ನೋಡಿದರೆ ತುಂಗಿ ನನ್ನ ಹಳೆಯ ಎಡಗಾಲಿನ ಚಪ್ಪಲಿಯನ್ನು ಹಾಸಿಗೆಗೆ ತಂದಿಟ್ಟುಕೊಂಡು ನೆಕ್ಕುತ್ತ ಮಲಗಿದ್ದಾಳೆ. ಅದು ಸುಳ್ಳು ಬಸುರು, ನಾಯಿಗಳಲ್ಲಿ ಆಗುವುದುಂಟು. ಐದು ಮನೆಗೂ ಫೋನ್ ಮಾಡಿ ಹೇಳಿದೆ. ಒಬ್ಬರು, "ಚಪ್ಪಲಿ ಗಂಡಾ ಹೆಣ್ಣಾ?" ಎಂದು ಕೇಳಿದರು. ಅಂದಿನಿಂದ ಸ್ಕ್ಯಾನ್ ಮಾಡಿಸದೆ ಯಾರಿಗೂ ಮಾತು ಕೊಟ್ಟಿಲ್ಲ.

ಆ ಪೆಟ್ಟು ತಿಂದ ಮೇಲೆ ನಾನು ಕೈಯನ್ನು ನಂಬುವುದನ್ನೇ ಬಿಟ್ಟೆ. ಕೋಠಿ ಪೇಟೆಗೆ ಹೋಗಿ ಹುಳುವಿನ ಔಷಧಿ ತರುವಾಗ ಜೊತೆಗೆ ಒಂದು ಎಲೆಕ್ಟ್ರಾನಿಕ್ ಕಾಟಾ ತಂದೆ. ಉಸ್ತಾದರ ಪಕ್ಕೆ ಸವರುವ ಪಾಠ ಹಳೆಯ ಕಾಲದ್ದು, ಅಂಕಿ ಸುಳ್ಳಾಡುವುದಿಲ್ಲ ಎಂದುಕೊಂಡೆ. ಈ ಬರಹದ ಮುಖ್ಯ ಕಥೆ ಇಲ್ಲಿಂದ ಶುರು.

ನಮ್ಮ ಕಾಂಪೌಂಡಿನ ಆಚೆ ಕಮಲಮ್ಮಗಾರು ಇದ್ದಾರೆ. ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದ ಮೇಡಂ. ಗೋಡೆ ಅವರ ಗಲ್ಲದ ಎತ್ತರಕ್ಕಿದೆ. ಆದ್ದರಿಂದ ನಮ್ಮದು ಅವರ ಮುಖ ಮಾತ್ರ ನೋಡಿ ಬೆಳೆಸಿದ ಸ್ನೇಹ. ಮಾತುಕತೆ ತೆಲುಗಿನಲ್ಲಿ, ನನ್ನ ಪಾಲಿಗೆ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾವು ಬಂದ ವಾರದಿಂದ ಅವರದು ಒಂದೇ ಮಾತು.

"ಅಯ್ಯೋ ಪಾಪಂ. ಏನಮ್ಮಾ ಸುನಂದಾ, ನಿಮ್ಮ ಯಜಮಾನರಿಗೆ ಪಿಂಚಣಿ ಬರ್ತದಲ್ಲ? ಒಂದು ಹಿಡಿ ಅನ್ನ ಹೆಚ್ಚು ಹಾಕಿದರೆ ಸರಕಾರ ಕೇಳ್ತದಾ?"

ಸುನಂದಾ ತಳಿಯ ವಿಷಯ ಹೇಳಿದಳು. ಕಮಲಮ್ಮ ಕೇಳಿಸಿಕೊಂಡು, "ಎಲುಬು ಎಣಿಸಬಹುದು, ಅದಕ್ಕೆ ಇನ್ನೊಂದು ಹೆಸರು ತಳಿ" ಎಂದು ಒಳಗೆ ಹೋದರು. ಈ ಮಾತು ಸುನಂದಾಗೆ ಚುಚ್ಚಿತು. ನಮ್ಮ ಕಡೆ ಮನೆಗೆ ಬಂದ ಅಪರಿಚಿತರೂ ಉಣ್ಣದೆ ಹೊರಡುವ ಹಾಗಿಲ್ಲ. ಅಂಥಾದ್ದರಲ್ಲಿ ತನ್ನ ಅಂಗಳದ ನಾಯಿ ಹಸಿದಿದೆ ಎಂದು ಇನ್ನೊಬ್ಬಳು ಗೋಡೆಯ ಮೇಲಿಂದ ಹೇಳುವುದೆಂದರೆ.

"ನಾಕ್ ಮಂದಿ ನೋಡ್ತಾರ್ರಿ. ಒಂದೀಟು ಮೈ ಬಂದ್ರ ಏನಾಕ್ಕೈತಿ?" ಎಂದಳು ನನಗೆ.

"ಓಡಾಕ ಆಗಂಗಿಲ್ಲ. ಮರಿ ಹಾಕಾಗ ತ್ರಾಸ ಆಕ್ಕೈತಿ. ಅಳತಿ ಅಂದ್ರ ಅಳತಿ" ಎಂದು ನಾನು ಮಾತು ಮುಗಿಸಿದೆ. ನಾಯಿಗಳ ಊಟ ನಾನೇ ಅಳೆದು ಹಾಕುತ್ತಿದ್ದೆ, ಅವುಗಳನ್ನು ನಾನೇ ಓಡಿಸುತ್ತಿದ್ದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು.

ಮಳೆಗಾಲದ ಕೊನೆಗೆ ಕಾಟಾ ಏರತೊಡಗಿತು. ಗಂಗಿಯನ್ನು ಎತ್ತಿಕೊಂಡು ಹತ್ತಿದರೆ ಒಟ್ಟು ತೂಕ ಒಂದು ಕಿಲೋ ಜಾಸ್ತಿ. ತುಂಗಿಯನ್ನು ಎತ್ತಿಕೊಂಡರೂ ಒಂದು ಜಾಸ್ತಿ. ಸರ್ದಾರನದೂ ಅಷ್ಟೇ. ಮುಂದಿನ ವಾರ ಮತ್ತೆ ಅಷ್ಟಷ್ಟೇ ಏರಿತು. ನಾನು ಕೂತು ಯೋಚಿಸಿದೆ. ನಾಯಿಗಳ ಊಟ ಅಳತೆಯದ್ದು, ಓಟ ಅಳತೆಯದ್ದು. ಮೂರೂ ಲೆಕ್ಕದಲ್ಲಿ ಒಂದೇ ಸಮ ಏರಿದೆ. ಮೂರೂ ಲೆಕ್ಕದಲ್ಲಿ ಸಮಾನವಾಗಿ ಇರುವುದು ಯಾವುದು? ನಾನು. ಅಂದರೆ ದಪ್ಪ ಆಗುತ್ತಿರುವುದು ನಾನು. ಲೆಕ್ಕ ಎಷ್ಟು ಸ್ಪಷ್ಟವಾಗಿತ್ತೆಂದರೆ ನಾನೊಬ್ಬನೇ ಕಾಟಾ ಹತ್ತಿ ನೋಡಬೇಕೆಂದು ಅನಿಸಲೇ ಇಲ್ಲ. ಸೈನ್ಯ ಬಿಟ್ಟವನಿಗೆ ಹೊಟ್ಟೆ ಬರುವುದೆಂದರೆ ದೊಡ್ಡ ಅವಮಾನ, ಅದನ್ನು ಒಬ್ಬನೇ ನಿಂತು ನೋಡುವ ಧೈರ್ಯವೂ ಇರಲಿಲ್ಲವೇನೋ.

"ನನಗ ಹೊಟ್ಟಿ ಬಂದೈತೇನ?" ಎಂದು ಸುನಂದಾಳನ್ನು ಕೇಳಿದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ, "ಹೂನ್ರಿ. ಭಾಳ ಬಂದೈತಿ" ಎಂದಳು.

ಅಂದಿನಿಂದ ರಾತ್ರಿ ಎರಡು ರೊಟ್ಟಿ ಬಿಟ್ಟೆ. ಎರಡು ವಾರ ಕಳೆದರೂ ಕಾಟಾ ಅಲ್ಲಾಡಲಿಲ್ಲ. ಬೆಳಗಿನ ಉಪ್ಪಿಟ್ಟನ್ನೂ ಬಿಟ್ಟೆ. ಆಗಲೂ ಅಷ್ಟೇ. ನನ್ನ ಮೈ ಎಷ್ಟು ಮೊಂಡು ಎಂದು ಆಶ್ಚರ್ಯವಾಯಿತು. ಕೊನೆಗೆ ರಾತ್ರಿ ಮಜ್ಜಿಗೆ ಮಾತ್ರ ಕುಡಿದು ಮಲಗತೊಡಗಿದೆ.

ಆಗಲೇ ಒಂದು ಬೆಳಿಗ್ಗೆ ಕಮಲಮ್ಮ ಗೋಡೆಯ ಮೇಲೆ ಮುಖವಿಟ್ಟು ಕರೆದರು.

"ಇಗೋ ನೋಡಯ್ಯಾ, ಪಶು ಇಲಾಖೆಗೆ ನಿನ್ನ ಮೇಲೆ ಕಂಪ್ಲೇಂಟ್ ಬರೆದಿದ್ದೇನೆ. ನಾಯಿಗಳನ್ನು ಉಪವಾಸ ಕೆಡವುತ್ತೀಯ ಅಂತ. ಹಿಂದಿನಿಂದ ಮಾಡೋಳಲ್ಲ ನಾನು, ಅದಕ್ಕೇ ಹೇಳ್ತಿದ್ದೇನೆ. ಬೇಜಾರು ಮಾಡ್ಕೋಬೇಡ. ಕರಿಬೇವು ಬೇಕಾ?"

ಕರಿಬೇವು ತೆಗೆದುಕೊಂಡೆ. ನನ್ನ ಲೈಸೆನ್ಸ್ ನವೀಕರಣಕ್ಕೆ ಹೋಗಿದ್ದ ಸಮಯ ಅದು. ಇಂಥ ದೂರಿನ ಮೇಲೆ ಪರಿಶೀಲನೆಗೆ ಬಂದು ಲೈಸೆನ್ಸ್ ತಡೆದರೆ ಮರಿ ಮಾಡಿಸುವ ಹಾಗಿಲ್ಲ, ಶೆಡ್ ಬಿಡಬೇಕು, ಮೂರು ನಾಯಿಗಳನ್ನು ಯಾರ ಯಾರ ಮನೆಗೋ ಹಂಚಬೇಕು. ನನ್ನ ಹಳೆಯ ಸಂಗಾತಿಯೊಬ್ಬ ಬೇಗಂಪೇಟೆಯ ಒಂದು ಆಫೀಸ್ ಕಟ್ಟಡದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. "ಒಂದು ಜಾಗ ಖಾಲಿ ಇದೆ, ಯಾವಾಗ ಬರ್ತೀಯ?" ಎಂದು ಕೇಳುತ್ತಲೇ ಇದ್ದ. ಕಾರಿನ ಡಿಕ್ಕಿ ತೆಗೆಸಿ, ಕೆಳಗೆ ಕನ್ನಡಿ ಹಿಡಿದು ನೋಡಿ, ಸೆಲ್ಯೂಟ್ ಹೊಡೆಯುವ ಕೆಲಸ. ಕೆಲಸದಲ್ಲಿ ಕೀಳೇನಿಲ್ಲ. ಆದರೆ ಸ್ಫೋಟಕ ಹುಡುಕಲು ಆ ಕನ್ನಡಿಗಿಂತ ಎಷ್ಟೋ ಚುರುಕಾದ ಮೂಗಿನ ಜೊತೆ ಹದಿನೇಳು ವರ್ಷ ಕಳೆದವನಿಗೆ, ನಾಯಿಯಿಲ್ಲದೆ ಬರೀ ಕನ್ನಡಿ ಹಿಡಿದು ನಿಲ್ಲುವುದನ್ನು ನೆನೆಸಿಕೊಳ್ಳಲು ಆಗುತ್ತಿರಲಿಲ್ಲ.

ಪರಿಶೀಲನೆಗೆ ಬಂದವರು ಡಾಕ್ಟರ್ ಶ್ರಾವಣಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸರಕಾರಿ ಪಶುವೈದ್ಯೆ. ಜೊತೆಗೆ ಬಂದ ಸಹಾಯಕ ಚಪ್ಪಟೆಯ ದೊಡ್ಡ ಕಾಟಾ ಒಂದನ್ನು ಹೊತ್ತು ತಂದಿದ್ದ. ನಾಯಿಗಳನ್ನು ಬಿಟ್ಟೆ. ಸರ್ದಾರ ಗೇಟಿನವರೆಗೆ ಹೋಗಿ ಅರ್ಧಕ್ಕೇ ಕೂತ. ಗಂಗಿ ಡಾಕ್ಟರ ಕಾಲ ಹತ್ತಿರ ಬಂದು ನಿಟ್ಟುಸಿರು ಬಿಟ್ಟು ಮಲಗಿದಳು.

"ಇವು ಮುಧೋಳ ಅಂತ ಅರ್ಜಿಯಲ್ಲಿದೆ" ಎಂದರು ಡಾಕ್ಟರು.

"ಹೌದು ಮೇಡಂ."

ಅವರು ಮಂಡಿಯೂರಿ ಗಂಗಿಯ ಪಕ್ಕೆಗೆ ಕೈಯಿಟ್ಟರು. ಸ್ವಲ್ಪ ಹೊತ್ತು ಸವರಿದರು. "ಪಕ್ಕೆಲುಬು ಹುಡುಕ್ತಾ ಇದ್ದೇನೆ. ಇದ್ದಾವಾ, ಊರಲ್ಲೇ ಬಿಟ್ಟು ಬಂದಿದ್ದೀರಾ? ಉಪವಾಸ ಅಂತ ದೂರು ಓದಿ ನಾನು ಗ್ಲೂಕೋಸ್ ಬಾಟಲಿ ತಂದೆ."

ಗಂಗಿಯನ್ನು ಅವರ ಕಾಟಾದ ಮೇಲೆ ಹತ್ತಿಸಿದರು. ಇಪ್ಪತ್ತೈದು ಕಿಲೋ. ನನ್ನ ತೂಕದ ಚಾರ್ಟಿನಲ್ಲಿ ಇಪ್ಪತ್ತೊಂದು. ಅವರು ಚಾರ್ಟನ್ನೂ ಕಾಟಾವನ್ನೂ ನೋಡಿ, "ಇದು ಹೇಗೆ?" ಎಂದರು. ನಾನು ಸೈನ್ಯ ಬಿಟ್ಟಾಗಿನ ನನ್ನ ತೂಕ ಕಳೆಯುವ ಪದ್ಧತಿ ವಿವರಿಸಿದೆ. ಏರಿದ ತೂಕ ನನ್ನದು, ಅದಕ್ಕೆ ಊಟ ಬಿಟ್ಟಿದ್ದೇನೆ, ಆದರೂ ಇಳಿಯುತ್ತಿಲ್ಲ ಎಂದೂ ಹೇಳಿದೆ. ಸಹಾಯಕ ಮುಖ ಆಚೆ ತಿರುಗಿಸಿದ.

"ನೀವೊಬ್ಬರೇ ಹತ್ತಿ" ಎಂದರು ಡಾಕ್ಟರು.

ಹತ್ತಿದೆ. ನಾನು ಸೈನ್ಯ ಬಿಟ್ಟಾಗ ಇದ್ದದ್ದಕ್ಕಿಂತ ಎರಡು ಕಿಲೋ ಕಮ್ಮಿ ಇದ್ದೆ.

"ಹಾಗಾದರೆ ದೂರು ಪೂರ್ತಿ ಸುಳ್ಳಲ್ಲ" ಎಂದರು ಅವರು. "ಈ ಮನೆಯಲ್ಲಿ ಒಬ್ಬರು ಉಪವಾಸ ಇದ್ದಾರೆ. ಆದರೆ ಅದು ನನ್ನ ಇಲಾಖೆಗೆ ಬರೋದಿಲ್ಲ."

ನಾನು ಸುನಂದಾಳ ಕಡೆ ನೋಡಿದೆ. ಅವಳು ಸೆರಗಿನ ತುದಿ ನೋಡುತ್ತಿದ್ದಳು.

"ಒಂದೊಂದ್ ರೊಟ್ಟಿ ಅಷ್ಟ ಹಾಕೀನ್ರಿ."

"ಬರೀ ರೊಟ್ಟಿ?"

"ಬೆಣ್ಣಿ ಹಚ್ಚಿ. ನೀವು ಬಿಟ್ಟದ್ದನ್ನೂ ಹಾಕಿದೆ. ಕೆಡಸಬಾರದಲ್ಲ? ಮೂರಕ್ಕೂ ಸಮಾನಾಗಿ ಹಾಕೀನಿ, ಒಂದಕ್ಕೊಂದು ಹೆಚ್ಚುಕಮ್ಮಿ ಮಾಡಿಲ್ಲ."

ನನ್ನ ಲೆಕ್ಕವನ್ನು ಕೆಡಿಸಿದ್ದು ಆ ಸಮಾನತೆಯೇ. ಅಷ್ಟರಲ್ಲಿ ಗೋಡೆಯ ಮೇಲೆ ಕಮಲಮ್ಮನ ಮುಖ ಮೂಡಿತು.

"ಒಂದೊಂದು ರೊಟ್ಟಿಗೆ ಇಷ್ಟು ಬರಲ್ಲ ಡಾಕ್ಟರಮ್ಮಾ. ಮಧ್ಯಾಹ್ನ ನಾನೂ ಗೋಡೆ ಮೇಲಿಂದ ಮೊಸರನ್ನ ಹಾಕ್ತಿದ್ದೆ, ಇವರು ಮಲಗಿದ ಮೇಲೆ."

"ಊಟ ಹಾಕ್ತಾ ಇದ್ದವರೇ ಉಪವಾಸ ಅಂತ ದೂರು ಬರೆದಿರಾ?"

"ಅದಕ್ಕೇ ಬರೆದದ್ದು. ಎಷ್ಟು ಹಾಕಿದರೂ ತಿಂತಾವೆ. ಹೊಟ್ಟೆ ತುಂಬಿದ ನಾಯಿ ಹಾಗೆ ತಿಂತದಾ ನೀವೇ ಹೇಳಿ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನಗು ಮುಖದಲ್ಲಿತ್ತು, ಮಾತಿನಲ್ಲಿ ಇರಲಿಲ್ಲ. ಇಷ್ಟು ಕೊಬ್ಬಿದ ಹೆಣ್ಣು ನಾಯಿಗಳಿಗೆ ಮರಿ ಮಾಡಿಸಲು ತಾನು ಒಪ್ಪಿಗೆ ಕೊಡುವುದಿಲ್ಲ, ಹೆರಿಗೆಯಲ್ಲಿ ತಾಯಿ ಮರಿ ಎರಡೂ ಹೋಗಬಹುದು ಎಂದರು. ಒಂದೂವರೆ ತಿಂಗಳು ಸಮಯ. ಹೆಣ್ಣುಗಳೆರಡೂ ಇಪ್ಪತ್ತೆರಡರ ಒಳಗೆ, ಸರ್ದಾರ ಅವನ ಹಳೆಯ ತೂಕಕ್ಕೆ. "ಒಂದು ನಾಯಿ ಮೇಲಿದ್ದರೂ ನವೀಕರಣ ಆಗಲ್ಲ ಅಂತ ಬರೀತೀನಿ. ನೋಡಿಕೊಳ್ಳೋಕೆ ಬರಲ್ಲ ಅಂತ ಅರ್ಥ ಅದು. ಆಗ ಒಂದು ಭಾನುವಾರ ಬರ್ತೇನೆ. ಲಾರಿ ಇರಲ್ಲ, ಓಡಿಸಿಯೂ ನೋಡಬೇಕು." ಬೇಗಂಪೇಟೆಯ ಸಂಗಾತಿಗೂ ನಾನು ಅದೇ ಒಂದೂವರೆ ತಿಂಗಳು ಕೇಳಿದೆ.

ಆ ದಿನಗಳಲ್ಲಿ ನಮ್ಮ ಮನೆ ಪೊಲೀಸ್ ಠಾಣೆಯ ಹಾಗಿತ್ತು. ನಾನು ನಾಯಿಗಳನ್ನು ನೋಡುತ್ತಿದ್ದೆ, ಸುನಂದಾ ಗೋಡೆಯನ್ನು ನೋಡುತ್ತಿದ್ದಳು, ಕಮಲಮ್ಮ ಸುನಂದಾಳನ್ನು. "ಸುನಂದಾ, ಆ ತಟ್ಟೆಯಲ್ಲಿ ಏನು?" "ನಮ್ಮ ಯಜಮಾನ್ರಿಗೆ ಮೇಡಂ." "ತೋರಿಸು. ಹೂಂ, ಹೋಗು." ನಾನು ನಾಲ್ಕು ರೊಟ್ಟಿ ತಿನ್ನಲೇಬೇಕೆಂದು ಇಬ್ಬರೂ ಸೇರಿ ತೀರ್ಮಾನ ಮಾಡಿದ್ದರು. ಬಡಿಸಿದ ತಟ್ಟೆಯ ಮುಂದೆ ಮೂರು ನಾಯಿಗಳು ಕೂತು ನನ್ನ ಬಾಯನ್ನೇ ನೋಡುತ್ತಿದ್ದವು, ನುಂಗುವುದು ಕಷ್ಟವಾಗುತ್ತಿತ್ತು.

ಮೊದಲ ವಾರ ನಡಿಗೆ ಮಾತ್ರ. ಕೊಬ್ಬಿದ ನಾಯಿಯನ್ನು ಒಮ್ಮೆಗೇ ಓಡಿಸಿದರೆ ಕೀಲು ಹೋಗುತ್ತದೆ, ಇದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಸೈಕಲ್ ಪಕ್ಕದಲ್ಲಿ, ಆಮೇಲೆ ಬಿಟ್ಟು. ಅಂಕಿಯ ಜೊತೆಗೆ ಪ್ರತಿ ಸಂಜೆ ಕಣ್ಣು ಮುಚ್ಚಿ ಪಕ್ಕೆ ಸವರತೊಡಗಿದೆ. ಕಾಟಾ ಹತ್ತುವಾಗ ಮೊದಲು ನಾನೊಬ್ಬನೇ, ಆಮೇಲೆ ನಾಯಿ. ತುಂಗಿ ಬೇಗ ಇಳಿದಳು. ಸರ್ದಾರನೂ ಇಳಿದ. ಗಂಗಿ ಮಾತ್ರ ಇಪ್ಪತ್ತೆರಡರ ಹತ್ತಿರ ಬಂದು ಅಲ್ಲೇ ಮೊಂಡು ಹಿಡಿದು, ಶನಿವಾರ ಸಂಜೆ ಕೂದಲೆಳೆಯಷ್ಟು ಒಳಗೆ ಬಂದಳು. ಸುನಂದಾ ಅವಳ ಕಿವಿಯಲ್ಲಿ, "ನಾಳಿ ಒಂದ್ ದಿನ ಮರ್ಯಾದಿ ಉಳಸವ್ವಾ" ಎಂದಳು.

ಭಾನುವಾರ ಬೆಳಿಗ್ಗೆ ಕಾರ್ಖಾನೆಗಳೆಲ್ಲ ಮುಚ್ಚಿ ರಸ್ತೆ ಖಾಲಿಯಿತ್ತು. ಡಾಕ್ಟರ ಕಾಟಾವನ್ನು ಗೇಟಿನ ಹೊರಗೇ ಹಾಕಿದರು. ಕಮಲಮ್ಮ ಗೋಡೆ ಬಿಟ್ಟು ಮೊದಲ ಸಲ ಪೂರ್ತಿಯಾಗಿ ಹೊರಗೆ ಬಂದಿದ್ದರು, ಕೈಯಲ್ಲಿ ಚೀಲ. ಸರ್ದಾರ ಪಾಸಾದ. ತುಂಗಿ ಪಾಸಾದಳು. ಗಂಗಿ ಹತ್ತಿದಳು. ಇಪ್ಪತ್ತೆರಡು ಕಿಲೋ ಮುನ್ನೂರು ಗ್ರಾಂ.

ಡಾಕ್ಟರು ಇನ್ನೊಮ್ಮೆ ಹತ್ತಿಸಿದರು. ಅಷ್ಟೇ ಬಂತು. ಅವರು ಕಾಗದ ತೆಗೆದರು. ನನಗೆ ಕನ್ನಡಿ ಹಿಡಿದು ನಿಂತ ನನ್ನದೇ ಚಿತ್ರ ಕಣ್ಣ ಮುಂದೆ ಬಂತು.

"ನಾಲ್ಕು ಇಡ್ಲಿ" ಎಂದರು ಕಮಲಮ್ಮ.

ಎಲ್ಲರೂ ತಿರುಗಿದೆವು.

"ಬೆಳಿಗ್ಗೆ ಹಾಕಿದೆ, ಇವನು ಸ್ನಾನಕ್ಕೆ ಹೋದಾಗ. ಗಂಗಿಗೊಬ್ಬಳಿಗೇ, ಅವಳ ಮೇಲೇ ಅಲ್ವಾ ಎಲ್ಲ ನಿಂತಿರೋದು. ಪರೀಕ್ಷೆ ದಿನ ಮಕ್ಕಳನ್ನ ಖಾಲಿ ಹೊಟ್ಟೆಯಲ್ಲಿ ಕಳಿಸ್ತಾರಾ? ಕೈಕಾಲು ನಡುಗಲ್ವಾ?"

"ಮೇಡಂ" ಎಂದಳು ಸುನಂದಾ.

ಡಾಕ್ಟರು ಪೆನ್ನು ಹಿಡಿದುಕೊಂಡೇ ಕೇಳಿದರು: "ನಾಲ್ಕು ಇಡ್ಲಿಗೆ ಇನ್ನೂರು ಗ್ರಾಂ ಅಂತಿಟ್ಟುಕೊಳ್ಳಿ. ಇನ್ನು ನೂರು?"

ಗಣಿತದ ಮೇಡಂ ಸ್ವಲ್ಪ ಯೋಚಿಸಿದರು. "ಅರ್ಧ ಲೋಟ ಮಜ್ಜಿಗೆ. ಸರಿಹೋಯ್ತಲ್ಲ? ಚಟ್ನಿ ಹಾಕಿಲ್ಲ, ಬೇಕಾದರೆ ಬಾಯಿ ನೋಡಿ."

"ಇಡ್ಲಿಯನ್ನ ನಾನು ಕಾಗದದ ಮೇಲೆ ಕಳೆಯೋಕೆ ಆಗಲ್ಲಮ್ಮಾ." ಡಾಕ್ಟರು ಗಡಿಯಾರ ನೋಡಿದರು. "ಇನ್ನೊಂದು ಗಂಟೆ ಕಾಯ್ತೇನೆ. ಹೊಟ್ಟೆ ತುಂಬಿದ ನಾಯಿಯನ್ನ ಓಡಿಸಬಾರದು. ಆಮೇಲೆ ಓಡಿಸಿ. ಓಟ ನೋಡಿ ತೀರ್ಮಾನ ಮಾಡ್ತೇನೆ."

ಅಷ್ಟು ಉದ್ದದ ಒಂದು ಗಂಟೆಯನ್ನು ನಾನು ಗಡಿಯಲ್ಲೂ ಕಂಡಿಲ್ಲ. ಚಹಾ ಆಯಿತು. ಡಾಕ್ಟರು ತಮ್ಮ ಕಾಲೇಜಿನ ಕಥೆ ಹೇಳಿದರು. ಕಮಲಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ದೇವರ ಹೆಸರೋ ಮಗ್ಗಿಯೋ ಗೊತ್ತಾಗಲಿಲ್ಲ.

ಗಂಗಿಯನ್ನು ನಾನು ರಸ್ತೆಯ ಆ ತುದಿಗೆ, ಹಳೆಯ ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದೆ. ಈ ತುದಿಯಲ್ಲಿ ಸುನಂದಾ ನಿಂತು ಕೈಯೆತ್ತಿದಳು. "ಬಾರ್ಲೇ ಗಂಗೀ."

ಬೆಲ್ಟು ಬಿಟ್ಟೆ. ಮೊದಲ ನಾಲ್ಕು ಹೆಜ್ಜೆ ನಾಯಿ ಓಡಿದ ಹಾಗಿತ್ತು. ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗಿ, ಬಿಚ್ಚಿ, ನಾಲ್ಕೂ ಕಾಲು ನೆಲದ ಮೇಲಿಲ್ಲದ ಕ್ಷಣಗಳೇ ಹೆಚ್ಚಾದವು. ಮುಚ್ಚಿದ ಶಟರುಗಳ ಮುಂದೆ ಅವಳ ನೆರಳು ಅವಳಿಗಿಂತ ಹಿಂದೆ ಉಳಿದ ಹಾಗೆ ಕಂಡಿತು. ಗೇಟಿನ ಹತ್ತಿರ ಕಮಲಮ್ಮ ಕಲ್ಲಿನಿಂದ ಎದ್ದು ನಿಂತದ್ದು ನನಗೆ ದೂರದಿಂದ ಕಂಡಿತು. ಇಷ್ಟು ದಿನ ಗೋಡೆಯ ಮೇಲಿಂದ ಅವರು ನೋಡಿದ್ದು ಮಲಗಿದ ಗಂಗಿಯನ್ನು ಮಾತ್ರ.

ನಾನು ಬರುವಷ್ಟರಲ್ಲಿ ಡಾಕ್ಟರು ಗಂಗಿಯ ಪಕ್ಕೆಯ ಮೇಲೆ ಕೈಯಿಟ್ಟಿದ್ದರು. ಉಸಿರು ಏರಿ ಇಳಿಯುವಾಗ ಕೊನೆಯ ಮೂರು ಪಕ್ಕೆಲುಬು ಸ್ಪಷ್ಟವಾಗಿ ಕಾಣುತ್ತಿದ್ದವು. ಓಡುವ ಮೊದಲು ಅವಳು ಕಂಬದ ಹತ್ತಿರ ತನ್ನ ಕೆಲಸ ಮುಗಿಸಿಕೊಂಡದ್ದನ್ನು ಸಹಾಯಕ ನೆನಪಿಸಿದ. ಮತ್ತೊಮ್ಮೆ ಕಾಟಾ ಹತ್ತಿಸಿದರು. ಇಪ್ಪತ್ತೊಂದು ಕಿಲೋ ಒಂಬೈನೂರ ಐವತ್ತು ಗ್ರಾಂ.

ಡಾಕ್ಟರು ಸಹಿ ಹಾಕಿದರು.

"ಪಾಸಾ?" ಎಂದು ಕೇಳಿದರು ಕಮಲಮ್ಮ.

"ಪಾಸ್. ಫಸ್ಟ್ ಕ್ಲಾಸ್ ಅಲ್ಲ."

ಕಮಲಮ್ಮ ತಲೆಯಾಡಿಸಿ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಮೂರು ನಾಯಿಗಳೂ ಒಟ್ಟಿಗೆ ಎದ್ದು ನಿಂತವು. ಡಾಕ್ಟರು ಪೆನ್ನಿನಿಂದ ಡಬ್ಬಿಯ ಕಡೆ ತೋರಿಸಿ, "ನಾನಿನ್ನೂ ಹೋಗಿಲ್ಲ" ಎಂದರು.

"ನಾಯಿಗಲ್ಲ ತಾಯೀ, ಇವನಿಗೆ." ಕಮಲಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವನದು ತಳಿ ಅಲ್ಲವಲ್ಲ."

ರಸ್ತೆಯ ನಡುವೆ ನಿಂತು ಡಬ್ಬಿ ತೆರೆದೆ. ಆರು ಇಡ್ಲಿ, ಒಂದು ಮೂಲೆಯಲ್ಲಿ ಚಟ್ನಿ. ಗಂಗಿ, ತುಂಗಿ, ಸರ್ದಾರ ನನ್ನ ಮುಂದೆ ಸಾಲಾಗಿ ಕೂತರು. ಸುನಂದಾ, ಕಮಲಮ್ಮ, ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಚೂರೂ ಕೆಳಗೆ ಬೀಳದ ಹಾಗೆ ಆರನ್ನೂ ತಿಂದು ಮುಗಿಸಿದೆ.